ಗೋಡೆಗೆ ಬಂದ ಹಕ್ಕಿಗಳು

ನಮ್ಮ ಕಡೆಯ ಹಳೆಯ ಮನೆಗಳ ಗೋಡೆಯ ಮೇಲೆ ಹಕ್ಕಿಗೆ ಸ್ವತಂತ್ರವಾದ ಸ್ಥಾನವಿರಲಿಲ್ಲ. ನವಿಲಿದ್ದರೆ ಅದು ಸುಬ್ರಹ್ಮಣ್ಯನ ವಾಹನ. ಗರುಡನಿದ್ದರೆ ವಿಷ್ಣುವನ್ನು ಹೊತ್ತವನು. ಹಂಸವಿದ್ದರೆ ದಮಯಂತಿಗೆ ನಳನ ಸುದ್ದಿಯನ್ನು ತಂದದ್ದು. 1894ರಲ್ಲಿ ಮುಂಬಯಿಯಲ್ಲಿ ಪ್ರಾರಂಭವಾದ ರವಿವರ್ಮನ ಅಚ್ಚುಕೂಟದ ಪಟಗಳೂ, ಅವುಗಳ ಜಾಡಿನಲ್ಲಿ ಬಂದ ಕ್ಯಾಲೆಂಡರುಗಳೂ ಬೆಳ್ಳಾವಿಯಂಥ ಹೋಬಳಿಯ ಊರುಗಳ ನಡುಮನೆಯನ್ನು ಸೇರಿದಾಗ ಹಕ್ಕಿಗಳು ಬಂದದ್ದು ಹೀಗೆ, ದೇವತೆಗಳ ಪರಿವಾರವಾಗಿ. ಹಕ್ಕಿಯೇ ನಾಯಕನಾಗಿರುವ ಪಟ, ಅದೊಂದು ಕೊಂಬೆ, ಒಂದು ಹುಳು, ಸುತ್ತಲೂ ಬರಿಯ ಬಿಳಿಯ ಕಾಗದ, ಇಂಥದು ನಮಗೆ ಹೊಸದು. ಈಚೆಗೆ ಬೆಳ್ಳಾವಿಯ ಒಂದೆರಡು ಹೊಸ ಮನೆಗಳಲ್ಲಿ ಅಂಥ ಪಟಗಳನ್ನು ಕಂಡೆ. ಒಂದರ ಒಡೆಯ ನನ್ನ ತಮ್ಮನ ಮಗ. ಆ ಪಟಗಳು ಯಾವುವು, ಯಾರು ಬರೆದವು, ಅವನ್ನು ಗೋಡೆಗೆ ಏರಿಸುವಾಗ ನಾವು ಕಾಣದೆಯೇ ಕಳೆದುಕೊಳ್ಳುವುದು ಏನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ಇವು ಮೂಲತಃ ಅಲಂಕಾರಕ್ಕೆಂದು ಹುಟ್ಟಿದ ಚಿತ್ರಗಳಲ್ಲ. ಕಂಡದ್ದನ್ನು ದಾಖಲೆ ಮಾಡಿಡಬೇಕೆಂಬ ಹಂಬಲದಿಂದ ಹುಟ್ಟಿದವು. 1612ರಲ್ಲಿ ಗೋವೆಯಿಂದ ಜಹಾಂಗೀರನ ಆಸ್ಥಾನಕ್ಕೆ ಟರ್ಕಿ ಕೋಳಿಯೊಂದು ಬಂದಿತು. ಕೇಳಿದವರ ಬೆರಗು ನೋಡಿದಾಗ ಇನ್ನೂ ಹೆಚ್ಚಲಿ ಎಂದು ಬಾದಶಹನು ಇಂಥ ಅಪೂರ್ವ ಪ್ರಾಣಿಗಳ ಚಿತ್ರ ಬರೆಯಿಸಿದನು. ಆ ಕೋಳಿಯ ಚಿತ್ರಕಾರ ಉಸ್ತಾದ್ ಮನ್ಸೂರ್. ಅದೇ ಮನ್ಸೂರನ ಹೆಸರಿನ ಸೈಬೀರಿಯದ ಬಿಳಿಯ ಕ್ರೌಂಚವೊಂದು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನಲ್ಲಿದೆ. ಯೂರೋಪಿನ ವಿದ್ವಾಂಸರು ಆ ಹಕ್ಕಿಗೆ ಶಾಸ್ತ್ರೀಯ ನಾಮಕರಣ ಮಾಡಿದ್ದು 1773ರಲ್ಲಿ. ಮನ್ಸೂರನ ಕುಂಚ ಅವರಿಗಿಂತ ಸುಮಾರು ನೂರೈವತ್ತು ವರ್ಷ ಮುಂದಿತ್ತು. ಭರತಪುರದ ಕೆರೆಗೆ ಚಳಿಗಾಲದಲ್ಲಿ ಬರುತ್ತಿದ್ದ ಆ ಕ್ರೌಂಚಗಳು 2002ರ ತರುವಾಯ ಬರಲಿಲ್ಲ.

ನನ್ನ ತಮ್ಮನ ಮಗ ಕೊಂಡು ತಂದಿದ್ದ ಪಟ ಬೇರೆ ಕಾಲದ್ದು. ಕಲ್ಕತ್ತೆಯ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪಿಯ ಪತ್ನಿ ಮೇರಿ ಇಂಪಿ ತನ್ನ ಮನೆಯ ತೋಟದಲ್ಲಿ ಹಕ್ಕಿಗಳನ್ನೂ ಮೃಗಗಳನ್ನೂ ಸಾಕಿದ್ದಳು. 1777ರಿಂದ 1782ರವರೆಗೆ ಅವುಗಳ ಚಿತ್ರ ಬರೆಯಲು ಪಾಟ್ನಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ ದಾಸ್ ಎಂಬ ಮೂವರನ್ನು ನೇಮಿಸಿಕೊಂಡಳು. ಮುನ್ನೂರಕ್ಕೂ ಮಿಕ್ಕ ಚಿತ್ರಗಳು ಸಿದ್ಧವಾದವು. ಮೊಗಲರ ಸಂಪ್ರದಾಯದ ಸೂಕ್ಷ್ಮ ಕುಂಚ, ಇಂಗ್ಲೆಂಡಿನ ದಪ್ಪ ಕಾಗದ: ಎರಡೂ ಇಲ್ಲಿ ಕೂಡಿಕೊಂಡಿವೆ. ಲೇಥಮ್ ಎಂಬ ಪಕ್ಷಿಶಾಸ್ತ್ರಜ್ಞನು ಇಂಗ್ಲೆಂಡಿನಲ್ಲಿ ಕುಳಿತು ಈ ಚಿತ್ರಗಳನ್ನೇ ಆಧಾರವಾಗಿಟ್ಟುಕೊಂಡು ಭಾರತದ ಹೊಸ ಹಕ್ಕಿಗಳನ್ನು ವರ್ಣಿಸಿದ. 1810ರ ಹರಾಜಿನಲ್ಲಿ ಇವು ಚದರಿಹೋದವು.

ಅವುಗಳಲ್ಲಿ ಎರಡು ನಮ್ಮ ಜಿಲ್ಲೆಯವರಿಗೆ ವಿಶೇಷವಾಗಿ ಹತ್ತಿರವೆಂದು ನನಗೆ ತೋರುತ್ತದೆ. ಎರಡೂ ಈಗ ಅಮೆರಿಕದ ಮಿನಿಯಾಪೊಲಿಸ್ ನಗರದ ಕಲಾಸಂಗ್ರಹಾಲಯದಲ್ಲಿವೆ. ಒಂದರಲ್ಲಿ, ಹಲಸಿನ ಮರದ ಮೋಟಿನ ಮೇಲೆ ಕುಳಿತ ಕರಿತಲೆಯ ಹೊನ್ನಕ್ಕಿ ಮತ್ತು ಒಂದು ಕೀಟ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸನ್ನು ಬಲ್ಲವರಿಗೆ ಆ ಮರವನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. (ಹಕ್ಕಿಯ ಹೆಸರನ್ನೇ ತಾಲ್ಲೂಕಿಗೆ ಇಟ್ಟುಕೊಂಡಿರುವ ನೆರೆಯವರು ನಾವು!) ಇನ್ನೊಂದರಲ್ಲಿ, ಹಳದಿ ಜುಟ್ಟಿನ ಬಿಳಿಯ ಕಾಕಟೂ ಗಿಳಿ ಸೀತಾಫಲದ ಕೊಂಬೆಯ ಮೇಲಿದೆ. ಗಿಳಿ ಪೂರ್ವಸಮುದ್ರಗಳಾಚೆಯದು, ಸೀತಾಫಲವೋ ಅಮೆರಿಕದಿಂದ ಬಂದು ನಮ್ಮ ಕಲ್ಲುಗುಡ್ಡಗಳಲ್ಲಿ ಹುಟ್ಟಾ ನಮ್ಮದೇ ಎಂಬಂತೆ ಬೆಳೆದ ಗಿಡ. ಚಿತ್ರಕಾರನಿಗೆ ಕಣ್ಣೆದುರು ಕಂಡದ್ದು ಮುಖ್ಯವಾಗಿತ್ತು.

ಈ ಮೂಲಗಳೆಲ್ಲ ಕೈಬರಹದ ಏಕೈಕ ಪ್ರತಿಗಳು. ಆಡುಬಾನನ ಅಮೆರಿಕದ ಪಕ್ಷಿಗಳ ಕತೆ ಬೇರೆ. ಲಂಡನ್ನಿನ ರಾಬರ್ಟ್ ಹ್ಯಾವೆಲ್ ಎಂಬ ಕುಶಲ ಕೆತ್ತನೆಗಾರ ಅವನ ಚಿತ್ರಗಳನ್ನು ತಾಮ್ರದ ಫಲಕಕ್ಕಿಳಿಸಿ, ಅಚ್ಚು ತೆಗೆದು, ಒಂದೊಂದಕ್ಕೂ ಕೈಯಿಂದ ಬಣ್ಣ ಹಾಕಿಸಿದ. 1827ರಿಂದ 1838ರವರೆಗೆ 435 ಫಲಕಗಳು. ಹಕ್ಕಿಗಳನ್ನು ನಿಜವಾದ ಗಾತ್ರದಲ್ಲೇ ತೋರಿಸಬೇಕೆಂಬುದು ಆಡುಬಾನನ ಹಠ. ಅದಕ್ಕಾಗಿ ಮೂರಡಿಗೂ ಉದ್ದನೆಯ ಕಾಗದ ಬೇಕಾಯಿತು. ಅಷ್ಟು ದೊಡ್ಡ ಹಾಳೆಯಲ್ಲೂ ರಾಜಹಂಸ ಕತ್ತು ಬಗ್ಗಿಸಿಯೇ ನಿಲ್ಲಬೇಕಾಯಿತು. ಅವನು ಬರೆದ ಯಾತ್ರಿಕ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಅಂಗೈಯಗಲದ ಪ್ರತಿಯನ್ನು ಕೊಂಡವರಿಗೆ ಚಿತ್ರ ಸಿಗುತ್ತದೆ, ಹಠ ಸಿಗುವುದಿಲ್ಲ. ಜಾನ್ ಗೌಲ್ಡನ ಹಿಮಾಲಯದ ಹಕ್ಕಿಗಳನ್ನು ಕಲ್ಲಿನ ಮೇಲೆ ಬರೆದವಳು ಅವನ ಹೆಂಡತಿ ಎಲಿಜಬೆತ್. ಜನ ನೆನೆಯುವುದು ಗಂಡನನ್ನು.

ಹೆಸರಿನ ಮಾತು ಬಂದದ್ದರಿಂದ ನಮ್ಮ ಹುಡುಗನ ಪಟಕ್ಕೆ ಬರುತ್ತೇನೆ. ಹಲಸಿನ ಮೋಟಿನ ಹೊನ್ನಕ್ಕಿಯ ಪ್ರತಿಯನ್ನು ಕಟ್ಟು ಹಾಕಿಸಲು ತುಮಕೂರಿನ ಒಂದು ಅಂಗಡಿಗೆ ಒಯ್ದಿದ್ದೆವು. ಅಂಗಡಿಯವರು ಅಳೆದು ನೋಡಿ, "ಸ್ವಾಮಿ, ಕೆಳಗಿನ ಬರವಣಿಗೆಯನ್ನ ಕತ್ತರಿಸಿದರೆ ಸಿದ್ಧ ಇರೋ ಕಟ್ಟಿಗೇ ಸರಿಯಾಗುತ್ತೆ, ಖರ್ಚೂ ಉಳಿಯುತ್ತೆ" ಎಂದರು. ಹುಡುಗ ನನ್ನ ಕಡೆ ತಿರುಗಿ, "ದೊಡ್ಡಪ್ಪ, ಅದೇನು ಓದೋಕೂ ಬರಲ್ಲ, ಕತ್ತರಿಸಲಿ ಬಿಡಿ" ಎಂದ. ಕತ್ತರಿ ಹಿಡಿದವರದು ದುರುದ್ದೇಶವಲ್ಲ. ಕ್ಯಾಲೆಂಡರಿನ ತಾರೀಕನ್ನು ಕತ್ತರಿಸಿ ಲಕ್ಷ್ಮಿಯನ್ನು ಉಳಿಸಿಕೊಳ್ಳುವ ಹಳೆಯ ರೂಢಿಯದು. ಆದರೆ ಈ ಬರವಣಿಗೆ ತಾರೀಕಿನಂಥದಲ್ಲ. ಅದರಲ್ಲಿ ಚಿತ್ರ ಯಾರ ಸಂಗ್ರಹದ್ದು ಎಂಬುದರ ಜೊತೆಗೆ, ಬರೆದವನು ಪಾಟ್ನಾದ ಜೈನುದ್ದೀನ್ ಎಂದೂ ಇದೆ. ತಾನು ಯಾರು, ಎಲ್ಲಿಯವನು ಎಂದು ಹೇಳಿಕೊಳ್ಳಲು ಆ ಚಿತ್ರಕಾರನಿಗೆ ಸಿಕ್ಕ ಜಾಗ ಅಷ್ಟೆ. ಇಂಗ್ಲಿಷರ ಹೆಸರುಗಳು ಗ್ರಂಥಗಳಲ್ಲಿ ಉಳಿದವು. ಇವನದು ಆ ಒಂದು ಅಂಚಿನಲ್ಲಿ ಉಳಿಯಿತು. 2019ರಲ್ಲಿ ಲಂಡನ್ನಿನ ವಾಲೇಸ್ ಸಂಗ್ರಹಾಲಯದಲ್ಲಿ ಇಂಥ ಭಾರತೀಯ ಕಲಾವಿದರ ಪ್ರದರ್ಶನವೊಂದು ಏರ್ಪಟ್ಟಾಗ ಅದಕ್ಕೆ ಇಟ್ಟ ಹೆಸರು 'ಮರೆತುಹೋದ ಮಹಾಕಲಾವಿದರು' ಎಂಬ ಅರ್ಥದ್ದು. ಮರೆವಿಗೆ ಕಟ್ಟಿನಂಗಡಿಯ ಕತ್ತರಿಯೂ ಒಂದಿಷ್ಟು ನೆರವಾಗಬೇಕೇ? ಹುಡುಗನಿಗೆ ಇಷ್ಟನ್ನು ಹೇಳಿದೆ. ಕಟ್ಟನ್ನು ಅಳತೆಗೆ ಮಾಡಿಸಿದ.

ಹಾಳೆಯ ಹಿಂಬದಿಯ ರಟ್ಟಿನ ಮೇಲೆ ಹಕ್ಕಿಯ ಕನ್ನಡದ ಹೆಸರು, ಚಿತ್ರಕಾರ, ಇಸವಿ, ಮೂಲ ಇರುವ ಸ್ಥಳ, ಇಷ್ಟನ್ನು ಬರೆದಿಡುವುದು ಒಳ್ಳೆಯದು. ಈ ಊರಿನ ಹೆಸರನ್ನು ತಮ್ಮ ಹೆಸರಿನೊಡನೆ ಹೊತ್ತ ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ಹೊರಡಿಸಿದವರು; 'ಜೀವವಿಜ್ಞಾನ' ಎಂಬ ಗ್ರಂಥವನ್ನೂ ಬರೆದರು. ಅವರ ಊರಿನ ಮನೆಯಲ್ಲಿ ಹೊನ್ನಕ್ಕಿಗೆ ಹೊನ್ನಕ್ಕಿ ಎಂಬ ಹೆಸರಾದರೂ ಇರಬೇಕು.

ಇನ್ನು ಕೊಳ್ಳುವವರಿಗೆ ಎರಡು ಮಾತು. ಹಳೆಯ ಅಚ್ಚು ಎಂದು ಹೆಚ್ಚು ಬೆಲೆ ಹೇಳಿದರೆ ಭೂತಗನ್ನಡಿ ಹಿಡಿದು ನೋಡಿ. ಬಣ್ಣವು ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆದು ಕಂಡರೆ ಅದು ಈಚಿನ ಮುದ್ರಣ. ಕೈಯಿಂದ ಹಾಕಿದ ಬಣ್ಣ ಚುಕ್ಕೆಯಾಗದೆ ಹರಡಿರುತ್ತದೆ, ಅಲ್ಲಲ್ಲಿ ಗೆರೆಯನ್ನು ದಾಟಿಯೂ ಇರುತ್ತದೆ. ಈಚಿನ ಮುದ್ರಣ ಕೀಳೆಂದಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಲ್ಲಿ ತನ್ನ ಅಸಂಖ್ಯ ಕೃತಿಗಳ ಛಾಯೆಗಳನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿತು. ಇಂಪಿ ಸಂಗ್ರಹದ ಭವಾನಿ ದಾಸನ ದೊಡ್ಡ ಬಾವಲಿ ಇರುವುದು ಅಲ್ಲಿಯೇ. ಪಟ ಅಗ್ಗವಾಗಿರಬಹುದು, ಕಟ್ಟು ಮಾತ್ರ ಅಗ್ಗದ್ದಾಗಬಾರದು. ಕಾಗದಕ್ಕೂ ಗಾಜಿಗೂ ನಡುವೆ ದಪ್ಪ ಕಾಗದದ ಅಂಚು ಕೊಟ್ಟು ತುಸು ಎಡೆ ಬಿಡಿಸಬೇಕು. ಇಲ್ಲವಾದರೆ ಮಳೆಗಾಲದ ತೇವಕ್ಕೆ ಚಿತ್ರ ಗಾಜಿಗೆ ಅಂಟಿಕೊಳ್ಳುತ್ತದೆ. ಹಿಂದೆ ಸಾಧಾರಣ ಕಂದು ರಟ್ಟನ್ನು ಹಾಕಿದರೆ ಕೆಲವು ವರ್ಷಗಳಲ್ಲಿ ಅದರ ಕಂದು ಚಿತ್ರಕ್ಕೂ ಇಳಿಯುತ್ತದೆ. ಬಚ್ಚಲಿನ ಮಗ್ಗುಲ ಗೋಡೆ, ಸಂಜೆಯ ಬಿಸಿಲು ನೇರವಾಗಿ ಬೀಳುವ ಗೋಡೆ, ಎರಡೂ ಬೇಡ. ಹೊನ್ನಕ್ಕಿಯ ಹಳದಿ ಬೇಗ ಮಂಕಾಗುವುದು ಅಲ್ಲಿಯೇ.