ವಿಪತ್ತಿನ ತರುವಾಯ ಶಾಲೆಯ ಮಕ್ಕಳ ಮನಸ್ಸು

ಬೆಂಕಿಯಾಗಲಿ ನೀರಾಗಲಿ ಮನೆಯನ್ನು ಕೆಡಿಸಿದಾಗ ಕಣ್ಣಿಗೆ ಕಾಣುವ ನಷ್ಟವನ್ನು ಲೆಕ್ಕಹಾಕುವುದು ಸುಲಭ. ಇಷ್ಟು ಹೆಂಚು, ಇಷ್ಟು ದನ, ಇಷ್ಟು ಅಕ್ಕಿಯೆಂದು ಬರೆದುಕೊಳ್ಳಲು ಅಧಿಕಾರಿಗಳು ಬರುತ್ತಾರೆ. ಆದರೆ ಆ ಮನೆಯ ಮಗುವಿನ ಮನಸ್ಸಿಗೆ ತಗುಲಿದ ಪೆಟ್ಟು ಯಾವ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಅದು ಎಷ್ಟೋ ಸಲ ತಡವಾಗಿ ತೋರುವಂಥದು; ತೋರುವ ವೇಳೆಗೆ ನೆರವಿಗೆ ಬಂದವರು ಹಿಂದಿರುಗಿರುತ್ತಾರೆ. ಆದಕಾರಣ ಅದನ್ನು ಗಮನಿಸುವ ಹೊಣೆಯು ಮನೆಯವರದೂ ಶಾಲೆಯವರದೂ ಆಗುತ್ತದೆ.

ಭಟ್ಕಳ ತಾಲೂಕಿನ ಬೆಳಕೆಯಿಂದ ಹೊನ್ನಾವರ, ಕುಮಟೆಗಳವರೆಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸಹ್ಯಾದ್ರಿಯ ತಪ್ಪಲು. ನಡುವಣ ಕಿರಿದಾದ ನೆಲದಲ್ಲಿಯೇ ಮನೆ, ಗದ್ದೆ, ಶಾಲೆ, ಹೆದ್ದಾರಿ ಎಲ್ಲವೂ ಇವೆ. 2022ನೆಯ ಇಸವಿ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಮಡಿದರು. 2024ನೆಯ ಇಸವಿ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡವು ಹೆದ್ದಾರಿಯ ಮೇಲೆ ಜರಿದು, ಜನರನ್ನೂ ವಾಹನಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಕೊಚ್ಚಿಹೋದ ಲಾರಿಯೊಂದನ್ನು ಅದರ ಚಾಲಕನ ದೇಹದೊಡನೆ ಮೇಲೆತ್ತಿದ್ದು ಸೆಪ್ಟೆಂಬರ್ 25ರಂದು. ಎರಡು ತಿಂಗಳಿಗೂ ಮಿಕ್ಕ ಆ ನಿರೀಕ್ಷೆಯು ಮನೆಯ ಹಿರಿಯರನ್ನು ಎಷ್ಟು ಬಳಲಿಸುವುದೆಂಬುದನ್ನು ನಾವು ಊಹಿಸಬಲ್ಲೆವು. ಅದೇ ಮನೆಯಲ್ಲಿ ಮಾತಾಡದೆ ಕುಳಿತಿರುವ ಮಗುವನ್ನು ಗಮನಿಸುವವರು ಕಡಮೆ.

ಈ ಮಾತು ಕೇವಲ ಊಹೆಯಲ್ಲ. 2009ನೆಯ ಇಸವಿ ಫೆಬ್ರವರಿ 7ರಂದು ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಕಾಡುಗಿಚ್ಚು ಹಬ್ಬಿ 173 ಮಂದಿ ಸತ್ತರು. ಕೆಲವು ಶಾಲೆಗಳೂ ಸುಟ್ಟುಹೋದವು. ಅಲ್ಲಿನ ಮಕ್ಕಳ ಕಲಿಕೆಯನ್ನು ವಿದ್ವಾಂಸರು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದರು. ಬೆಂಕಿಯ ಹಾವಳಿ ಹೆಚ್ಚಾಗಿದ್ದ ಕಡೆಯ ಮಕ್ಕಳು ಓದಿನಲ್ಲಿಯೂ ಲೆಕ್ಕದಲ್ಲಿಯೂ ಮುಂದುವರಿದುದು ಇತರರಿಗಿಂತ ಕಡಮೆ. ಅದು ತಿಳಿದುಬಂದುದು ಬೆಂಕಿಯಾರಿದ ಕೆಲವು ವರ್ಷಗಳ ಮೇಲೆ. ಇಂಥ ಮಗುವನ್ನು ದಡ್ಡನೆಂದೋ ಸೋಮಾರಿಯೆಂದೋ ಗದರಿಸಿದರೆ ಗಾಯದ ಮೇಲೆ ಬರೆ ಎಳೆದಂತಾಗುವುದು.

ನಮ್ಮ ನಾಡಿನಲ್ಲಿಯೂ ಇಂಥ ಶೋಕದ ಪರಿಶೀಲನೆ ನಡೆದಿದೆ. 1981ನೆಯ ಇಸವಿ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ಬಹುಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಮೃತರ ಬಂಧುಗಳ ದುಃಖವನ್ನು ನಿಮ್ಹಾನ್ಸ್ ಸಂಸ್ಥೆಯವರು ಅಧ್ಯಯನಮಾಡಿದರು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗಲೂ ಆ ಸಂಸ್ಥೆಯವರು ನಿರಾಶ್ರಿತರ ಬಳಿಗೆ ಹೋಗಿದ್ದರು.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಮೊದಲನೆಯದಾಗಿ, ನಿಜವನ್ನು ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ಸತ್ತವರು ಊರಿಗೆ ಹೋಗಿದ್ದಾರೆಂದು ಹೇಳಿದರೆ, ಮಗು ಬಾಗಿಲು ಕಾಯುತ್ತದೆ. ನಿಜ ತಿಳಿದ ದಿನ ಯಾರನ್ನೂ ನಂಬದು. ಎರಡನೆಯದಾಗಿ, ನಡೆದುದನ್ನು ಹೇಳೆಂದು ಬಲಾತ್ಕರಿಸಬಾರದು. ಒಮ್ಮೆಗೇ ಎಲ್ಲವನ್ನೂ ಹೇಳಿಸುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪುವುದಿಲ್ಲ. ಮಗು ತಾನಾಗಿ ಹೇಳಿದರೆ ಕೆಲಸ ಬಿಟ್ಟು ಕೇಳಬೇಕು. ಮೂರನೆಯದಾಗಿ, ಊಟ, ನಿದ್ರೆ, ಆಟಗಳ ವೇಳೆಯನ್ನು ಆದಷ್ಟು ಬೇಗನೆ ಮೊದಲಿನಂತೆ ಮಾಡಬೇಕು. ಶಾಲೆ ತೆರೆಯುವುದೇ ಒಂದು ಚಿಕಿತ್ಸೆ. ಅಲ್ಲಿ ಗೆಳೆಯರಿದ್ದಾರೆ, ಗಂಟೆ ಹೊಡೆಯುತ್ತದೆ, ಬಿಸಿಯೂಟ ದೊರೆಯುತ್ತದೆ. ನಾಳೆಯೆಂಬುದು ಉಂಟೆಂಬ ಧೈರ್ಯ ಬರುತ್ತದೆ.

ಉಪಾಧ್ಯಾಯರು ತೊಂದರೆಗೊಳಗಾದ ಮಕ್ಕಳ ಹೆಸರುಗಳನ್ನು ಬರೆದಿಟ್ಟುಕೊಂಡು ಒಂದೆರಡು ವರ್ಷವಾದರೂ ಗಮನಿಸುತ್ತಿರಬೇಕು. ಚಿಕ್ಕವರು ಹಾಸಿಗೆ ಒದ್ದೆಮಾಡಬಹುದು, ತಾಯಿಯ ಸೆರಗು ಬಿಡದಿರಬಹುದು. ದೊಡ್ಡವರು ಹೊಟ್ಟೆನೋವೆಂದು ಶಾಲೆ ತಪ್ಪಿಸಬಹುದು, ಮುಂಗೋಪಿಗಳಾಗಬಹುದು. ಜೂನ್ ತಿಂಗಳ ಮೊದಲ ಗುಡುಗಿಗೆ ಹಳೆಯ ಭಯ ಮರಳಿ ಬರುವುದೂ ಸಹಜ. ವಿಪತ್ತಿನ ಹೊಸತರಲ್ಲಿ ತೋರುವ ಈ ಲಕ್ಷಣಗಳು ಅನೇಕರಲ್ಲಿ ತಾವಾಗಿ ಇಳಿಯುತ್ತವೆ. ತಿಂಗಳು ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸತಕ್ಕದ್ದು. ಸಾಯುವ ಮಾತಾಡಿದರೆ ಅಂದೇ ತೋರಿಸತಕ್ಕದ್ದು.

ತಾಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರ ವಿಷಯ ತಿಳಿಯುವುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ದೊರೆಯುವ ಈ ಸೇವೆ ಕನ್ನಡದಲ್ಲಿಯೂ ಉಂಟು, ಹಣ ಕೊಡಬೇಕಾಗಿಲ್ಲ. ಮಕ್ಕಳ ರಕ್ಷಣೆಗಾಗಿ 1098, ತುರ್ತಿನಲ್ಲಿ 112.

ಕಡೆಗೆ ತಾಯಂದಿರಿಗೊಂದು ಮಾತು. ಹಿರಿಯರು ಒಳಗೊಳಗೇ ಬೇಯುತ್ತಿದ್ದರೆ ಮಕ್ಕಳು ಅದನ್ನು ಮುಖ ನೋಡಿಯೇ ಅರಿಯುತ್ತಾರೆ. ಆದಕಾರಣ ನಿಮಗೂ ನಿದ್ರೆ ಬಾರದಿದ್ದರೆ, ಅಳು ನಿಲ್ಲದಿದ್ದರೆ, ನಾಚದೆ ನೆರವು ಕೇಳಿರಿ. ಮೇಲಿನ ಸಂಖ್ಯೆಗಳನ್ನು ಮಳೆಗಾಲಕ್ಕೆ ಮೊದಲೇ ಪಂಚಾಂಗದ ಬದಿಯಲ್ಲಿ ಬರೆದಿಡಿರಿ. ಅವು ಬೇಕಾಗದೆ ಇರಲಿ; ಬೇಕಾದ ದಿನ ಹುಡುಕುವಂತಾಗದಿರಲಿ.