ತಂಗಿ ಪ್ಯಾರಾಮೆಡಿಕ್ ಆಗ್ತೀನಿ ಅಂದಾಗ...

ನೀಟ್ ರಿಸಲ್ಟ್ ಬಂದ ವಾರ ಊರಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳಿಗೆ ಪಿಯುಸಿಯಲ್ಲಿ ಒಳ್ಳೇ ಮಾರ್ಕ್ಸ್ ಬಂದಿತ್ತು, ಆದರೆ ನೀಟ್‌ನಲ್ಲಿ ಎಂಬಿಬಿಎಸ್ ಸೀಟು ಸಿಗುವಷ್ಟು ಬಂದಿರಲಿಲ್ಲ. ಮನೆಯಲ್ಲಿ ಎಲ್ಲರದೂ ಒಂದೇ ಮಾತು: "ಸಿಇಟಿ ರ‍್ಯಾಂಕ್ ಇದೆಯಲ್ಲ, ಅಣ್ಣನ ಹಾಗೆ ಕಂಪ್ಯೂಟರ್ ಸೈನ್ಸ್ ತಗೋ." ನಾನೂ ಅದನ್ನೇ ಹೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು, "108ರಲ್ಲಿ ಪೇಷೆಂಟ್ ಪಕ್ಕ ಕೂತಿರ್ತಾರಲ್ಲ ಅಣ್ಣ, ನಾನು ಅದಾಗ್ತೀನಿ" ಅಂದಳು.

ಚಿಕ್ಕಮ್ಮ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟರು. ಚಿಕ್ಕಪ್ಪ, "ಆಂಬುಲೆನ್ಸ್ ಕೆಲಸಕ್ಕೆ ಇಷ್ಟೆಲ್ಲಾ ಓದಬೇಕಿತ್ತಾ?" ಅಂದರು. ನಾನು ಸುಮ್ಮನಾದೆ. ಯಾವ ರಾತ್ರಿಯನ್ನು ನೆನೆದು ಅವಳು ಹಾಗೆ ಹೇಳಿದಳು ಅನ್ನೋದು ನನಗೆ ಗೊತ್ತಿತ್ತು.

ಅದಕ್ಕೆ ಎರಡು ವರ್ಷ ಮುಂಚೆ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ನಾನು ಬೆಂಗಳೂರಲ್ಲಿ ಆಫೀಸಿನ ಆನ್-ಕಾಲ್ ಡ್ಯೂಟಿಯಲ್ಲಿದ್ದೆ, ಯಾವುದೋ ಸರ್ವರ್ ಬಿದ್ದಿದೆ ಅಂತ ತಲೆ ಕೆಡಿಸಿಕೊಂಡಿದ್ದೆ. ಊರಲ್ಲಿ ಅಮ್ಮನಿಗೆ ಕೈಕಾಲೇ ಆಡಲಿಲ್ಲವಂತೆ. 108ಕ್ಕೆ ಫೋನ್ ಮಾಡಿದ್ದು, ಅಪ್ಪನ ಜೊತೆ ಆಂಬುಲೆನ್ಸ್ ಹತ್ತಿದ್ದು ಇದೇ ತಂಗಿ. ತಿಪಟೂರಿನ ಆಸ್ಪತ್ರೆ ತನಕ ಅರ್ಧ ಗಂಟೆ ದಾರಿ. ಆ ಅರ್ಧ ಗಂಟೆಯಲ್ಲಿ ಒಳಗಿದ್ದ ಹುಡುಗಿ, ಹೆಚ್ಚೆಂದರೆ ಇಪ್ಪತ್ತೈದು ವರ್ಷದವಳು, ನೋವು ಎಷ್ಟು ಹೊತ್ತಿಗೆ ಶುರುವಾಯ್ತು, ಶುಗರ್ ಇದೆಯಾ, ಯಾವ ಮಾತ್ರೆ ತಗೋತಾರೆ, ಯಾವುದಾದರೂ ಔಷಧಿ ಆಗಿಬರಲ್ವಾ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡಳಂತೆ. ಬಿಪಿ ನೋಡಿದಳು, ಫೋನ್‌ನಲ್ಲಿ ಡಾಕ್ಟರ ಹತ್ತಿರ ಮಾತಾಡಿ ಒಂದು ಮಾತ್ರೆ ಅಗಿಯಲು ಕೊಟ್ಟಳು, ಹೀಗೊಬ್ಬರು ಬರ್ತಿದ್ದಾರೆ ಅಂತ ಆಸ್ಪತ್ರೆಗೆ ಮೊದಲೇ ತಿಳಿಸಿದಳು. ಅಪ್ಪ ಈಗ ಸ್ಟೆಂಟ್ ಹಾಕಿಸಿಕೊಂಡು ಬೆಳಿಗ್ಗೆ ತೋಟ ಸುತ್ತಿ ಬರ್ತಾರೆ. ಆ ಹುಡುಗಿಯ ಹೆಸರನ್ನೂ ನಾವು ಯಾರೂ ಕೇಳಲಿಲ್ಲ.

ಹಾಗಾಗಿ ಚಿಕ್ಕಪ್ಪನಿಗೆ, "ಒಂದು ವಾರ ಟೈಮ್ ಕೊಡಿ, ವಿಚಾರಿಸಿ ಹೇಳ್ತೀನಿ" ಅಂದೆ.

ಪ್ಯಾರಾಮೆಡಿಕಲ್ ಬೇರೆ, ಪ್ಯಾರಾಮೆಡಿಕ್ ಬೇರೆ

ಹುಡುಕಲು ಕೂತಾಗ ಮೊದಲು ಎಡವಿದ್ದೇ ಇಲ್ಲಿ. ನಮ್ಮಲ್ಲಿ "ಪ್ಯಾರಾಮೆಡಿಕಲ್ ಕೋರ್ಸ್" ಅಂದರೆ ಲ್ಯಾಬ್ ಟೆಕ್ನಿಷಿಯನ್, ಎಕ್ಸ್-ರೇ, ಡಯಾಲಿಸಿಸ್, ಆಪರೇಷನ್ ಥಿಯೇಟರ್ ಹೀಗೆ ಹತ್ತಾರು ಕೆಲಸಗಳಿಗೆ ಇರುವ ಒಟ್ಟು ಹೆಸರು. ಪ್ಯಾರಾಮೆಡಿಕ್ ಅಂದರೆ ಆಸ್ಪತ್ರೆ ತಲುಪುವ ಮುಂಚೆಯೇ ತುರ್ತು ಚಿಕಿತ್ಸೆ ಕೊಡುವವರು. 108ರ ಭಾಷೆಯಲ್ಲಿ ಇವರು ಇಎಂಟಿ, ಎಮರ್ಜೆನ್ಸಿ ಮೆಡಿಕಲ್ ಟೆಕ್ನಿಷಿಯನ್. ಗಾಡಿ ಓಡಿಸುವವರಿಗೆ ಅಲ್ಲಿ ಪೈಲಟ್ ಅಂತಾರೆ.

ಈ ಎರಡು ಪದಗಳ ಗೊಂದಲದಲ್ಲಿ ನಾವು ದುಡ್ಡು ಕಳೆದುಕೊಳ್ಳುವುದರಲ್ಲಿದ್ದೆವು. ಒಂದು ಇನ್‌ಸ್ಟಿಟ್ಯೂಟ್‌ನವರು "ಒಂದೇ ವರ್ಷದ ಪ್ಯಾರಾಮೆಡಿಕ್ ಡಿಪ್ಲೊಮಾ, ಕೆಲಸ ಗ್ಯಾರಂಟಿ" ಅಂತ ಫೋನ್ ಮೇಲೆ ಫೋನ್ ಮಾಡಿದರು. ಸೀಟು ಬುಕ್ ಮಾಡಲು ಅವತ್ತೇ ಹಣ ಹಾಕಿ ಅಂದರು. "ಸರ್ಟಿಫಿಕೇಟ್ ಕೊಡೋದು ಯಾವ ಯೂನಿವರ್ಸಿಟಿ, ಯಾವ ಬೋರ್ಡ್?" ಅಂತ ತಂಗಿ ಕೇಳಿದಳು. "ನಮ್ಮದೇ ಸರ್ಟಿಫಿಕೇಟ್ ಮೇಡಂ, ಎಲ್ಲಾ ಕಡೆ ನಡೆಯುತ್ತೆ" ಅಂತ ಉತ್ತರ ಬಂತು. ಅಲ್ಲಿಗೆ ಫೋನ್ ಇಟ್ಟೆವು. ಕೇಳಿದ್ದು ಅವಳು. ನಾನಾಗಿದ್ದರೆ ಯುಪಿಐನಲ್ಲಿ ಹಣ ಹಾಕಿಬಿಡ್ತಿದ್ದೆನೋ ಏನೋ.

ಒಳಗೆ ಹೋಗಲು ಯಾವ ಬಾಗಿಲು?

ದೊಡ್ಡ ಬಾಗಿಲು ಪದವಿಯದು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬಿ.ಎಸ್ಸಿ. ಎಮರ್ಜೆನ್ಸಿ ಅಂಡ್ ಟ್ರಾಮಾ ಕೇರ್ ಟೆಕ್ನಾಲಜಿ ಎಂಬ ಕೋರ್ಸ್ ಇದೆ. 3 ವರ್ಷ ಓದು, ಆಮೇಲೆ 1 ವರ್ಷ ಇಂಟರ್ನ್‌ಶಿಪ್. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದಿ ಪಾಸಾಗಿರಬೇಕು. ಮೊದಲ ವರ್ಷ ದೇಹರಚನೆ, ಅಂಗಗಳ ಕೆಲಸದಂಥ ಬೇಸಿಕ್ ವಿಷಯಗಳು. ಮುಂದೆ ಔಷಧಿಗಳು, ಇಸಿಜಿ ಓದುವುದು, ಉಸಿರಿನ ದಾರಿ ತೆರೆದಿಡುವುದು, ಅಪಘಾತದ ಗಾಯ, ಹೆರಿಗೆಯ ತುರ್ತು, ವಿಷ, ಸುಟ್ಟಗಾಯ. ಜೊತೆಗೆ ಎಮರ್ಜೆನ್ಸಿ ವಾರ್ಡ್, ಐಸಿಯುಗಳಲ್ಲಿ ಪೋಸ್ಟಿಂಗ್.

ಎರಡನೆಯದು ಕಡಿಮೆ ಅವಧಿಯ ಇಎಂಟಿ ತರಬೇತಿ. ರಾಷ್ಟ್ರೀಯ ಕೌಶಲ ಚೌಕಟ್ಟಿನಲ್ಲಿ ಬೇಸಿಕ್, ಅಡ್ವಾನ್ಸ್ಡ್ ಅಂತ ಹಂತಗಳಿವೆ. ಬೇಗ ಕೆಲಸಕ್ಕೆ ಸೇರಬೇಕು ಅನ್ನುವವರು ಇಲ್ಲಿಂದ ಶುರು ಮಾಡಬಹುದು, ಆದರೆ ಮೇಲೇರಲು ಮತ್ತೆ ಓದಬೇಕಾಗುತ್ತದೆ. ಮೂರನೆಯದು ನರ್ಸಿಂಗ್. ನರ್ಸಿಂಗ್ ಓದಿದವರನ್ನು ಇಎಂಟಿಗಳಾಗಿ ತೆಗೆದುಕೊಂಡು, ಆಂಬುಲೆನ್ಸ್ ಕೆಲಸಕ್ಕೆ ಬೇರೆ ತರಬೇತಿ ಕೊಡುವುದೂ ಉಂಟು.

ಇದರ ಹಿಂದೆ ಒಂದು ಕಾನೂನೂ ಇದೆ. 2021ರಲ್ಲಿ ಸಂಸತ್ತು ಅಲೈಡ್ ಅಂಡ್ ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ತಂದಿತು. ಅದರ ಪಟ್ಟಿಯಲ್ಲಿ ಎಮರ್ಜೆನ್ಸಿ ಮೆಡಿಕಲ್ ಟೆಕ್ನಾಲಜಿಸ್ಟ್ ಅಂದರೆ ಪ್ಯಾರಾಮೆಡಿಕ್ ವೃತ್ತಿಯ ಹೆಸರು ಸ್ಪಷ್ಟವಾಗಿದೆ. ಈ ಕಾಯ್ದೆಯ ಪ್ರಕಾರ ಅಲೈಡ್ ಹೆಲ್ತ್ ವೃತ್ತಿಪರರಿಗೆ ಕನಿಷ್ಠ 2000 ಗಂಟೆಗಳ ಓದು ಬೇಕು, ಹೆಲ್ತ್‌ಕೇರ್ ವೃತ್ತಿಪರರಿಗೆ ಕನಿಷ್ಠ 3600 ಗಂಟೆ. ಡಾಕ್ಟರು, ನರ್ಸ್‌ಗಳಿಗೆ ಇರುವ ಹಾಗೆ ಇವರಿಗೂ ರಾಜ್ಯ ಮಟ್ಟದಲ್ಲಿ, ಕೇಂದ್ರ ಮಟ್ಟದಲ್ಲಿ ರಿಜಿಸ್ಟರ್ ಇರಬೇಕು ಅನ್ನುತ್ತದೆ ಕಾಯ್ದೆ. ಇದನ್ನು ತೋರಿಸಿದಾಗ ಚಿಕ್ಕಪ್ಪ ಮೊದಲ ಸಲ ಕನ್ನಡಕ ಹಾಕಿಕೊಂಡು ನನ್ನ ಫೋನ್ ಕೈಗೆ ತಗೊಂಡರು.

ಎಲ್ಲಾ ಆಂಬುಲೆನ್ಸ್ ಒಂದೇ ಅಲ್ಲ

ನಮ್ಮ ದೇಶದ ಆಂಬುಲೆನ್ಸ್‌ಗಳಿಗೆ ಎಐಎಸ್-125 ಅನ್ನುವ ಮಾನದಂಡವಿದೆ. ಅದರಲ್ಲಿ ಎ, ಬಿ, ಸಿ, ಡಿ ಅಂತ ನಾಲ್ಕು ವಿಧ. ಎ ಅಂದರೆ ಬೈಕ್‌ನಂಥ, ಮೊದಲು ಸ್ಥಳ ತಲುಪುವ ಗಾಡಿ. ಬಿ ಅಂದರೆ ತುರ್ತಿಲ್ಲದ ರೋಗಿಯನ್ನು ಸಾಗಿಸುವುದು. ಸಿ ಬೇಸಿಕ್ ಲೈಫ್ ಸಪೋರ್ಟ್, ಡಿ ಅಡ್ವಾನ್ಸ್ಡ್ ಲೈಫ್ ಸಪೋರ್ಟ್. ಡಿ ಗಾಡಿಯಲ್ಲಿ ವೆಂಟಿಲೇಟರ್, ಹೃದಯದ ಮಾನಿಟರ್ ಎಲ್ಲಾ ಇರುತ್ತೆ. ಅದನ್ನು ಬಳಸಲು ಬರುವವರು ಒಳಗಿದ್ದರೆ ತಾನೇ ಪ್ರಯೋಜನ?

ನಮ್ಮ ರಾಜ್ಯದಲ್ಲಿ 108 ಸೇವೆ "ಆರೋಗ್ಯ ಕವಚ" ಹೆಸರಲ್ಲಿ ಶುರುವಾಗಿದ್ದು 2008ರ ನವೆಂಬರ್ 1ರಂದು. ನಾನು ಆಗ ಸ್ಕೂಲ್ ಹುಡುಗ. ಅಷ್ಟು ವರ್ಷ ಆದಮೇಲೂ ಒಳಗೆ ಕೂತವರ ಓದೇನು ಅಂತ ಒಮ್ಮೆಯೂ ಯೋಚಿಸಿರಲಿಲ್ಲ.

ಚಿಕ್ಕಪ್ಪನ ಪ್ರಶ್ನೆಗಳು

"ಸಂಬಳ?" ಅಂದರು. ಸುಳ್ಳು ಹೇಳಲಿಲ್ಲ. ಶುರುವಿನಲ್ಲಿ ಸಾಫ್ಟ್‌ವೇರ್‌ಗಿಂತ ಕಡಿಮೆಯೇ. ಎಷ್ಟೋ ಕೆಲಸಗಳು ಗುತ್ತಿಗೆ ಮೇಲಿನವು. ಸಂಬಳ ಬಾಕಿ ಅಂತ ಆಂಬುಲೆನ್ಸ್ ಸಿಬ್ಬಂದಿ ಮುಷ್ಕರದ ಮಾತೆತ್ತಿದ್ದನ್ನು ಚಿಕ್ಕಪ್ಪನೂ ಪೇಪರ್‌ನಲ್ಲಿ ಓದಿದ್ದರು. ಆದರೆ ಪದವಿ ಇದ್ದರೆ ಆಂಬುಲೆನ್ಸ್ ಒಂದೇ ದಾರಿಯಲ್ಲ. ದೊಡ್ಡ ಆಸ್ಪತ್ರೆಗಳ ಎಮರ್ಜೆನ್ಸಿ ವಿಭಾಗ, ಏರ್ ಆಂಬುಲೆನ್ಸ್, ಕಾರ್ಖಾನೆ, ಏರ್‌ಪೋರ್ಟ್, ತರಬೇತಿ ಕೊಡುವ ಕೆಲಸ, ಇವೂ ಇವೆ.

"ಫಾರಿನ್‌ಗೆ ಹೋಗಬಹುದಾ?" ಅಂದರು ಚಿಕ್ಕಮ್ಮ. ಇಲ್ಲಿಯ ಸರ್ಟಿಫಿಕೇಟ್ ಹಿಡಿದುಕೊಂಡು ನೇರವಾಗಿ ಕೆಲಸಕ್ಕೆ ಸೇರಲು ಆಗಲ್ಲ. ಬ್ರಿಟನ್‌ನಲ್ಲಿ "ಪ್ಯಾರಾಮೆಡಿಕ್" ಅನ್ನೋದು ಕಾನೂನಿನ ರಕ್ಷಣೆ ಇರುವ ಹೆಸರು. ಅಲ್ಲಿಯ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ನೋಂದಣಿ ಆಗದೆ ಆ ಹೆಸರು ಬಳಸಿದರೆ ಅಪರಾಧ. ಅಲ್ಲಿ ಹೊಸದಾಗಿ ಕಲಿಯುವವರಿಗೆ 2021ರಿಂದ ಆನರ್ಸ್ ಪದವಿಯೇ ಕನಿಷ್ಠ ಮಟ್ಟ. ಮುಂದೆ ಆ ಕಡೆ ಹೋಗುವ ಆಸೆಯಿದ್ದರೆ ಸಣ್ಣ ಸರ್ಟಿಫಿಕೇಟ್‌ಗಿಂತ ಪದವಿಯೇ ಮೇಲು.

"ಹೆಣ್ಣು ಹುಡುಗಿ, ರಾತ್ರಿ ಡ್ಯೂಟಿ..." ಅಂತ ಚಿಕ್ಕಮ್ಮ ಅರ್ಧಕ್ಕೇ ನಿಲ್ಲಿಸಿದರು. ಅಷ್ಟು ಹೊತ್ತೂ ಜಗಲಿಯಲ್ಲಿ ಸುಮ್ಮನೆ ಕೂತಿದ್ದ ನಮ್ಮಪ್ಪ ಆಗ ಬಾಯಿ ಬಿಟ್ಟರು: "ಅವತ್ತು ನನ್ನ ಕರ್ಕೊಂಡು ಹೋಗಿದ್ದೂ ಹೆಣ್ಣು ಹುಡುಗೀನೇ. ರಾತ್ರಿ ಒಂದೂವರೆ ಗಂಟೆಗೆ." ಮತ್ತೆ ಯಾರೂ ಮಾತಾಡಲಿಲ್ಲ.

ನನಗೂ ಆಸೆ ಆಯ್ತು, ಆದರೆ...

ಇಷ್ಟೆಲ್ಲಾ ಓದಿದ ಮೇಲೆ, ನಾನೇ ಯಾಕೆ ಸೇರಬಾರದು ಅನ್ನಿಸಿದ್ದು ನಿಜ. ಆದರೆ ನಾನು ಪಿಯುಸಿಯಲ್ಲಿ ತಗೊಂಡಿದ್ದು ಪಿಸಿಎಂಸಿ. ಬಯಾಲಜಿ ಜಾಗದಲ್ಲಿ ಕಂಪ್ಯೂಟರ್ ಸೈನ್ಸ್. ಬಿ.ಇ. ಡಿಗ್ರಿ ಇದ್ದರೂ ಈ ಕೋರ್ಸಿಗೆ ನಾನು ಅರ್ಹನೇ ಅಲ್ಲ! ಹದಿನಾರನೇ ವಯಸ್ಸಲ್ಲಿ ಕಪ್ಪೆ ಕುಯ್ಯಬೇಕಾಗುತ್ತೆ ಅಂತ ಹೆದರಿ ಬಿಟ್ಟ ಸಬ್ಜೆಕ್ಟ್ ಅದು.

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ನನ್ನಂಥವರಿಗೆ ಬೇಸಿಕ್ ಲೈಫ್ ಸಪೋರ್ಟ್ ಅಂದರೆ ಬಿಎಲ್‌ಎಸ್ ತರಬೇತಿ ಇದೆ. ಒಂದು ದಿನದಲ್ಲಿ ಮುಗಿಯುತ್ತೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಸರ್ಟಿಫಿಕೇಟ್ ಆದರೆ 2 ವರ್ಷ ಚಾಲ್ತಿಯಲ್ಲಿರುತ್ತೆ. ಒಂದು ಶನಿವಾರ ಹೋಗಿ ಕಲಿತು ಬಂದೆ. ದೊಡ್ಡವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ, 5ರಿಂದ 6 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. 30 ಸಲ ಒತ್ತಿ 2 ಸಲ ಉಸಿರು ಕೊಡಬೇಕು. ಬೊಂಬೆಯ ಮೇಲೆ ಎರಡು ನಿಮಿಷ ಮಾಡುವಷ್ಟರಲ್ಲಿ ನನ್ನ ಅಂಗಿ ಒದ್ದೆಯಾಗಿತ್ತು. ಜಿಮ್‌ನಲ್ಲಿ ವರ್ಷದ ಮೆಂಬರ್‌ಶಿಪ್ ಇರುವವನು ನಾನು!

ರಸ್ತೆ ಅಪಘಾತದಲ್ಲಿ ನೆರವಾದರೆ ಪೊಲೀಸ್, ಕೋರ್ಟ್ ಅಂತ ಅಲೆಯಬೇಕು ಅನ್ನುವ ಹೆದರಿಕೆಯೂ ಬೇಡ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134-ಎ ಕಲಮು ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ.

ಸೇರುವ ಮುನ್ನ ಕೇಳಿ

ನಿಮ್ಮ ಮನೆಯಲ್ಲೂ ಯಾರಾದರೂ ಈ ಕೋರ್ಸ್ ಕೇಳುತ್ತಿದ್ದರೆ, ನಾವು ಕಾಲೇಜಿಗೆ ಹೋದಾಗ ಕೇಳಿದ ಪ್ರಶ್ನೆಗಳು ಇವು:

- ಸರ್ಟಿಫಿಕೇಟ್ ಕೊಡುವುದು ಯಾವ ವಿಶ್ವವಿದ್ಯಾಲಯ ಅಥವಾ ಬೋರ್ಡ್? ಅವರ ಪಟ್ಟಿಯಲ್ಲಿ ಈ ಕಾಲೇಜಿನ ಹೆಸರು, ಈ ಕೋರ್ಸಿನ ಹೆಸರು ಎರಡೂ ಇದೆಯಾ?
- ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯಾ? ಅಲ್ಲಿ ಎಮರ್ಜೆನ್ಸಿ ವಿಭಾಗ 24 ಗಂಟೆ ನಡೆಯುತ್ತಾ?
- ಇಂಟರ್ನ್‌ಶಿಪ್ ಎಲ್ಲಿ? ಆಂಬುಲೆನ್ಸ್‌ನಲ್ಲಿ ಪೋಸ್ಟಿಂಗ್ ಇದೆಯಾ?
- ಸೀನಿಯರ್‌ಗಳು ಈಗ ಎಲ್ಲಿ ಕೆಲಸ ಮಾಡ್ತಿದ್ದಾರೆ? ಅವರ ಜೊತೆ ಮಾತಾಡಬಹುದಾ?

ಇನ್ನೊಂದು ಮಾತು. ಮಾರ್ಕ್ಸ್ ಒಂದೇ ಸಾಲದು. ಸ್ಟ್ರೆಚರ್ ಹಿಡಿದು ಮೂರನೇ ಮಹಡಿಯಿಂದ ಇಳಿಯುವ ಬಲ ಬೇಕು, ರಕ್ತ ಕಂಡರೆ ತಲೆ ತಿರುಗಬಾರದು, ಅಳುತ್ತಿರುವವರ ಮುಂದೆ ದನಿ ಏರಿಸದೆ ಮಾತಾಡಲು ಬರಬೇಕು.

ತಂಗಿ ಈಗ ಎರಡನೇ ವರ್ಷ. ಹೋದ ತಿಂಗಳು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದಳು. "ಅಣ್ಣ, ಇವತ್ತು ಪೋಸ್ಟಿಂಗ್‌ನಲ್ಲಿ ಮೊದಲನೇ ಸಲ ಸಿಪಿಆರ್ ಕೊಟ್ಟೆ. ಸಿಸ್ಟರ್, ನಾನು, ಇನ್ನೊಬ್ಬ ಸೀನಿಯರ್ ಸರದಿ ಮೇಲೆ ಕೊಟ್ವಿ. ಅವರು ಉಳೀಲಿಲ್ಲ." ನನಗೆ ಏನು ಹೇಳಬೇಕೋ ತೋಚಲಿಲ್ಲ. ಊಟ ಆಯ್ತಾ ಅಂತ ಕೇಳಿದೆ. ಆಯ್ತು ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಕೋರ್ಸ್ ಬಿಡ್ಬೇಕು ಅನ್ನಿಸ್ತಾ?" ಅಂದೆ. "ಇಲ್ಲಣ್ಣ. ಡಾಕ್ಟರ್ ಕೇಳಿದ್ರು, ಮನೇಲಿ ಕುಸಿದು ಬಿದ್ದಾಗ ಯಾರಾದ್ರೂ ಎದೆ ಒತ್ತಿದ್ರಾ ಅಂತ. ಮನೆಯವರು ಯಾರಿಗೂ ಬರಲ್ಲ ಅಂದ್ರು. ನೀನು ಕಲಿತಿದ್ದು ಅಪ್ಪ ಅಮ್ಮಂಗೂ ಹೇಳ್ಕೊಡು" ಅಂದಳು.

ಮುಂದಿನ ಭಾನುವಾರ ಊರಿಗೆ ಹೋದೆ. ನಡುಮನೆಯಲ್ಲಿ ದಿಂಬಿಟ್ಟುಕೊಂಡು ಚಿಕ್ಕಪ್ಪ, ಚಿಕ್ಕಮ್ಮ, ಅಮ್ಮ ಮೂವರಿಗೂ ಹೇಳಿಕೊಟ್ಟೆ. ಚಿಕ್ಕಪ್ಪನಿಗೆ ಲೆಕ್ಕ ತಪ್ಪುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನೀವೂ ಒಂದು ಶನಿವಾರ ಬಿಡುವು ಮಾಡಿಕೊಂಡು ಕಲಿಯಿರಿ. ಆಂಬುಲೆನ್ಸ್ ಬಂದು ತಲುಪುವ ತನಕ ಅವರ ಜಾಗದಲ್ಲಿ ಇರುವವರು ನಾವೇ ಅಲ್ವಾ?