ಭಂಗಾರಕ್ಕೆ ಹೊರಟ ಬಂಗಾರ!

ಬೆಳಗಾವಿಯ ಉದ್ಯಮಬಾಗ ಇರಲಿ, ಹುಬ್ಬಳ್ಳಿಯ ಗೋಕುಲ ರೋಡ್ ಇರಲಿ, ಹಳೇ ಸಿ.ಎನ್.ಸಿ. ಮಶೀನು ಇಟ್ಟುಕೊಂಡ ಸಾವಕಾರನಿಗೆ ಒಂದಿಲ್ಲೊಂದು ದಿನ ಈ ಸಂಕಟ ತಪ್ಪಿದ್ದಲ್ಲ. ಬೆಳಿಗ್ಗೆ ಸ್ವಿಚ್ ಹಾಕಿದರೆ ಟೇಬಲ್ ಮಿಸುಕುವುದಿಲ್ಲ. ಪ್ಯಾನೆಲ್ ಬಾಗಿಲು ತೆಗೆದರೆ ಸುಟ್ಟ ವಾಸನೆ. ಡ್ರೈವ್ ಕಾರ್ಡು ಹೋಗಿದೆ! ಕಂಪನಿಗೆ ಕೇಳಿದರೆ, ಆ ಮಾಡೆಲ್ ನಿಲ್ಲಿಸಿ ಎಷ್ಟೋ ಕಾಲವಾಯಿತು ಎಂಬ ಉತ್ತರ. ಹೊಸ ಮಶೀನಿಗೆ ಬ್ಯಾಂಕಿನ ಸಾಲ, ಸಾಲಕ್ಕೆ ಮನೆಯ ಕಾಗದ. ಅಷ್ಟರಲ್ಲಿ ಭಂಗಾರದವನು ತಕ್ಕಡಿ ಹಿಡಿದು ಬಾಗಿಲಿಗೆ ಬಂದಿರುತ್ತಾನೆ. ಕಿಲೋಕ್ಕೆ ಇಷ್ಟು ಅಂತ.

ತಡೀರಿ ಸಾವಕಾರ್ರ. ಮಾರುವ ಮೊದಲು ಆ ಮೋಟಾರನ್ನೊಮ್ಮೆ ನೋಡಿ.

ಇಂಥ ಮಶೀನಿನಲ್ಲಿ ಟೇಬಲ್ ಓಡಿಸುವುದು ಡಿ.ಸಿ. ಸರ್ವೋ ಮೋಟಾರು. ಜಪಾನಿನ ಫ್ಯಾನುಕ್ ಕಂಪನಿ 1974ರಲ್ಲಿ ಅಮೆರಿಕದ ಗೆಟ್ಟಿಸ್ ಕಂಪನಿಯ ಲೈಸೆನ್ಸ್ ಪಡೆದು ಇದನ್ನು ಮಾಡತೊಡಗಿತು. 1980ರ ದಶಕದಲ್ಲಿ ಎ.ಸಿ. ಸರ್ವೋ ಬಂತು, ಡಿ.ಸಿ. ಹಿಂದೆ ಬಿತ್ತು. ಹಿಂದೆ ಬಿತ್ತು ನಿಜ, ಕೆಟ್ಟಿತೇನು? ಅದರೊಳಗೆ ಇರುವುದು ತಾಮ್ರ, ಕಬ್ಬಿಣ, ಅಯಸ್ಕಾಂತ, ಬೇರಿಂಗು, ಕಾರ್ಬನ್ ಬ್ರಷ್. ಬ್ರಷ್ ಸವೆದರೆ ಬೇರೆ ಹಾಕಬಹುದು, ಬೇರಿಂಗ್ ಪೇಟೆಯಲ್ಲೇ ಸಿಗುತ್ತದೆ. ಮುಪ್ಪು ಬಂದದ್ದು ಅದನ್ನು ಓಡಿಸುವ ಎಲೆಕ್ಟ್ರಾನಿಕ್ಸಿಗೆ.

ಬಸ್ಸಿನ ಲೆಕ್ಕದಲ್ಲಿ ಹೇಳುವುದಾದರೆ ಮೋಟಾರೇ ಎಂಜಿನ್ನು. ಡ್ರೈವ್ ಅಂದರೆ ಡ್ರೈವರ್ ಸಾಹೇಬ. ಎನ್‌ಕೋಡರ್ ಅಂದರೆ ‘ಹೋಲ್ಡಾನ್’, ‘ರೈಟ್ ರೈಟ್’ ಎನ್ನುವ ಕಂಡಕ್ಟರ್. ಹಳೇ ಪದ್ಧತಿಯಲ್ಲಿ ವೇಗ ಹೇಳಲು ಟ್ಯಾಕೋ ಜನರೇಟರ್, ಜಾಗ ಹೇಳಲು ರಿಸಾಲ್ವರ್, ಹೀಗೆ ಇಬ್ಬಿಬ್ಬರು ಕಂಡಕ್ಟರು. ಈಗ ಮೋಟಾರಿನ ಹಿಂದಿನ ತುದಿಗೆ ಒಂದು ಎನ್‌ಕೋಡರ್ ಕೂರಿಸಿದರೆ ಎರಡೂ ಕೆಲಸ ಆಯ್ತು. ಒಳಗೊಂದು ತಟ್ಟೆ, ಅದರ ಮೇಲೆ ಸಣ್ಣ ಗೆರೆ, ಬೆಳಕಿನಲ್ಲಿ ಗೆರೆ ಎಣಿಸುವ ಎರಡು ಕಣ್ಣು. ಗೆರೆ 2500 ಇದ್ದರೆ ಎರಡೂ ಕಣ್ಣಿನ ಲೆಕ್ಕ ಸೇರಿ ಒಂದು ಸುತ್ತಿಗೆ 10,000 ಎಣಿಕೆ. ಒಂದು ಸುತ್ತಿಗೆ ಟೇಬಲ್ 10 ಮಿಲಿಮೀಟರ್ ಸರಿಯುವ ಮಶೀನಾದರೆ ಒಂದು ಎಣಿಕೆ ಅಂದರೆ ಒಂದು ಮೈಕ್ರಾನ್. ತಲೆಗೂದಲನ್ನು ಉದ್ದಕ್ಕೆ ಐವತ್ತು ಸೀಳು ಮಾಡಿದಂತೆ!

ಇಷ್ಟೇನಾ ಅಂತ ಸಿಕ್ಕ ವೈರ್‌ಮನ್ನನ್ನು ಕರೆದು ಬಿಚ್ಚಿಸಲು ಹೋಗಬೇಡಿ. ಕಂಡಕ್ಟರ್ ನಿದ್ದೆ ಹೋದರೆ ಏನಾದೀತು? ಎನ್‌ಕೋಡರಿನ ವೈರ್ ಕಿತ್ತುಹೋಯಿತು ಅನ್ನಿ, ಇಲ್ಲಾ ಜೋಡಿಸುವಾಗ ಎರಡು ವೈರ್ ಅದಲು ಬದಲಾಯಿತು. ಟೇಬಲ್ ಇನ್ನೂ ಸರಿದಿಲ್ಲ, ಅಥವಾ ಹಿಂದಕ್ಕೆ ಹೋಗುತ್ತಿದೆ ಅಂತ ಡ್ರೈವ್ ತಿಳಿಯುತ್ತದೆ. ಇನ್ನಷ್ಟು ನೂಕುತ್ತದೆ, ಮತ್ತೂ ನೂಕುತ್ತದೆ. ಟೇಬಲ್ ಪೂರಾ ವೇಗದಲ್ಲಿ ಓಡಿ ತುದಿಗೆ ಬಡಿಯುತ್ತದೆ. ನಡುವೆ ಆಪರೇಟರನ ಕೈ ಇದ್ದರೆ ದೇವರೇ ಗತಿ. ಅದಕ್ಕೇ ಮೊದಲ ಪರೀಕ್ಷೆಯಲ್ಲಿ ಮೋಟಾರನ್ನು ಸ್ಕ್ರೂದಿಂದ ಬಿಡಿಸಿಟ್ಟು, ಕರೆಂಟಿನ ಮಿತಿ ತಗ್ಗಿಸಿ, ಕೆಂಪು ಗುಂಡಿಯ ಮೇಲೆ ಕೈ ಇಟ್ಟೇ ಓಡಿಸಬೇಕು. ಆ ಗುಂಡಿ ಒತ್ತಿದರೆ ಡ್ರೈವಿನ ಪವರೇ ಕಡಿಯಬೇಕು, ಬರೀ ದೀಪ ಹತ್ತಿದರೆ ಸಾಲದು. ಕೆಲಸ ಅರ್ಜೆಂಟು ಅಂತ ಈ ಒಂದು ದಿನ ಉಳಿಸುವವರು ಉಳಿಸುವುದು ಏನನ್ನೋ!

ಅಯಸ್ಕಾಂತದ್ದು ಇನ್ನೊಂದು ಕತೆ. ಕೆಲವು ಹಳೇ ಮೋಟಾರಿನಲ್ಲಿ ಆಲ್ನಿಕೋ ಅಯಸ್ಕಾಂತ ಇರುತ್ತದೆ. ತೊಳೆಯೋಣ ಅಂತ ಸುಮ್ಮನೆ ಆರ್ಮೇಚರ್ ಹೊರಗೆಳೆದರೆ ಅದರ ಶಕ್ತಿ ಕುಂದುತ್ತದೆ. ಮತ್ತೆ ಜೋಡಿಸಿದರೂ ಮೊದಲಿನ ದಮ್ಮು ಇಲ್ಲ. ಹೊಸ ಡ್ರೈವ್ ಮೋಟಾರಿನ ತಾಕತ್ತಿಗಿಂತ ಜಾಸ್ತಿ ಕರೆಂಟ್ ನುಗ್ಗಿಸಿದರೂ ಇದೇ ಗತಿ. ಡ್ರೈವ್ ದೊಡ್ಡದಿದ್ದರೆ ಒಳ್ಳೇದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೋಟಾರಿನ ಮೇಲಿನ ಪಟ್ಟಿ ಓದಿ, ಮಿತಿ ಹಾಕಿಸಿ.

ಚೋರ್ಲಾ ಘಾಟ್ ಇಳಿಯುವ ಬಸ್ಸಿಗೆ ಬ್ರೇಕ್ ಎಷ್ಟು ಮುಖ್ಯವೋ ಇಲ್ಲೂ ಅಷ್ಟೆ. ಓಡುವ ಟೇಬಲನ್ನು ತಟ್ಟನೆ ನಿಲ್ಲಿಸಿದಾಗ ಮೋಟಾರೇ ಡೈನಮೋ ಆಗಿ ಕರೆಂಟ್ ವಾಪಸ್ ಕಳಿಸುತ್ತದೆ. ಅದನ್ನು ಸುಟ್ಟು ಹಾಕುವ ರೆಸಿಸ್ಟರ್ ಇಲ್ಲದಿದ್ದರೆ ಡ್ರೈವ್ ಮೇಲಿಂದ ಮೇಲೆ ಟ್ರಿಪ್ ಆಗುತ್ತದೆ, ಇಲ್ಲಾ ಸುಟ್ಟೇ ಹೋಗುತ್ತದೆ. ಆಮೇಲೆ ಮಾಲು ಖೊಟ್ಟಿ ಅಂತ ಅಂಗಡಿಯವನ ಜೊತೆ ಜಗಳ.

ಎಲ್ಲ ಮೋಟಾರಿಗೂ ಇದು ಹೊಂದುತ್ತದೆ ಅಂತಲ್ಲ. ಖರ್ಚಿಗೆ ಇಳಿಯುವ ಮುಂಚೆ ಮೆಗ್ಗರ್ ಹಾಕಿಸಿ. ಕಾರ್ಬನ್ ಪುಡಿ ತುಂಬಿ ಅರ್ಥ್ ಆಗಿದ್ದರೆ ಶುಚಿ ಮಾಡಿಸಿ ಮತ್ತೆ ನೋಡಬಹುದು. ಕಮ್ಯುಟೇಟರ್ ಇನ್ನು ಲೇತಿಗೆ ಹಿಡಿದು ತಿದ್ದಲಾಗದಷ್ಟು ಸವೆದಿದ್ದರೆ ಬಿಡಿ, ಎ.ಸಿ. ಸರ್ವೋಕ್ಕೇ ಹೋಗಿ, ಆದರೆ ಅದಕ್ಕೆ ಫ್ಲಾಂಜು, ಕಪ್ಲಿಂಗು ಎಲ್ಲ ಬೇರೆ ಮಾಡಿಸಬೇಕಾದೀತು, ಅದನ್ನೂ ಖರ್ಚಿಗೆ ಹಿಡಿಯಿರಿ.

ಹಳೇ ಕಂಟ್ರೋಲರನ್ನೇ ಉಳಿಸಿಕೊಳ್ಳುವವರು ರಿಸಾಲ್ವರ್ ಕಿತ್ತೊಗೆಯಬೇಡಿ. ಅದಕ್ಕೆ ಎನ್‌ಕೋಡರಿನ ಭಾಷೆ ಬರುವುದಿಲ್ಲ. ಅಂಥವರು ಹಳೇ ಹತ್ತು ವೋಲ್ಟಿನ ಹುಕುಂ ತಿಳಿಯುವ, ಟ್ಯಾಕೋ ಒಪ್ಪುವ ಡ್ರೈವ್ ಕೇಳಿ ತರಬೇಕು, ಅವು ಈಗಲೂ ಸಿಗುತ್ತವೆ. ಕೆಲಸ ಮುಗಿದ ಮೇಲೆ ಮಿಸ್ತ್ರಿಯಿಂದ ಹೊಸ ವೈರಿಂಗಿನ ನಕ್ಷೆ ಬರೆಸಿ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿಕೊಳ್ಳಿ. ಹಣ ಎಣಿಸಿ ಕೊಡುವುದು ಆಮೇಲೆ.